ಆಟ ಕಟ್ಟುವವರಿಗೂ ಒಂದು ಮನೆಯಿದೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)

ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಎರಡು ಬಗೆ. "ಮೊನ್ನೆ ಹಾಕಿದ ಹಾಡನ್ನು ಬರೆದವರ ಹೆಸರು ತಪ್ಪು ಹೇಳಿದಿರಿ, ತಿದ್ದಿಕೊಳ್ಳಿ" ಎನ್ನುವುದು ಒಂದು ಬಗೆ. ಓದಿದಾಗ ಮುಖ ಸಣ್ಣದಾಗುತ್ತದೆ, ನಿಜ. ಆದರೆ ಮುಂದಿನ ವಾರ ತಿದ್ದಿ ಹೇಳುತ್ತೇನೆ, ಬರೆದವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಇನ್ನೊಂದು ಬಗೆಯ ಪತ್ರದಲ್ಲಿ ತಪ್ಪು ಯಾವುದೆಂದೇ ಇರುವುದಿಲ್ಲ. "ನಿಮ್ಮಂಥವರನ್ನು ಮೈಕಿನ ಮುಂದೆ ಕೂರಿಸಿದವರು ಯಾರು?" ಎಂದಷ್ಟೇ ಇರುತ್ತದೆ. ಅಂಥದ್ದು ವರ್ಷಕ್ಕೆ ಒಂದೋ ಎರಡೋ. ಆದರೂ ಆ ದಿನ ಕೆಂಪು ದೀಪ ಹತ್ತಿಕೊಂಡಾಗ ಗಂಟಲು ಒಣಗುತ್ತದೆ. ವರ್ಷಕ್ಕೆ ಒಂದೆರಡು ಬರುವ ಪತ್ರ ದಿನಕ್ಕೆ ನೂರಾರು ಬಂದರೆ? ಅದೂ ನೇರವಾಗಿ ನಮ್ಮ ಜೇಬಿನಲ್ಲಿರುವ ಫೋನಿಗೇ ಬಂದರೆ?

ಇವತ್ತು ಅಂಥ ಪತ್ರಗಳು ಬಂದ ಕೆಲವರ ವಿಷಯ ಹೇಳುತ್ತೇನೆ. ಅವರು ರಾಜಕಾರಣಿಗಳಲ್ಲ, ಸಿನಿಮಾ ತಾರೆಯರಲ್ಲ. ನಮ್ಮ ಮನೆಯ ಮಕ್ಕಳು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಆಡುತ್ತಾರಲ್ಲ, ಆ ಆಟಗಳನ್ನು ಕಟ್ಟುವವರು. ಅದರಲ್ಲೂ ದೊಡ್ಡ ಕಂಪನಿಯ ನೆರಳಿಲ್ಲದೆ ಒಬ್ಬರೋ, ಇಬ್ಬರೋ, ಹತ್ತು ಹದಿನೈದು ಜನರೋ ಸೇರಿ ಆಟ ಮಾಡುವವರು. ಇವರನ್ನು ಇಂಡಿ ಡೆವಲಪರುಗಳು ಎನ್ನುತ್ತಾರೆ. ನಾವು ಸ್ವತಂತ್ರ ಆಟಗಾರಿಕೆಯವರು ಎನ್ನೋಣ.

ದೊಡ್ಡ ಕಂಪನಿಯ ಆಟ ಕೆಟ್ಟರೆ ಬೈಗುಳ ತಿನ್ನಲು ಒಂದು ವಿಭಾಗವೇ ಇರುತ್ತದೆ. ಆಟ ಬರೆದವರ ಹೆಸರು ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಸಣ್ಣವರಿಗೆ ಆ ಗೋಡೆ ಇಲ್ಲ. ಚಿತ್ರ ಬರೆದವರು, ಪ್ರೋಗ್ರಾಂ ಬರೆದವರು, ಗಿರಾಕಿಯ ದೂರಿಗೆ ಉತ್ತರ ಕೊಡುವವರು ಎಲ್ಲ ಒಬ್ಬರೇ. ಹಗಲು ಆಟ ತಿದ್ದಿದವರೇ ರಾತ್ರಿ ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಜನ ಏನೆಂದರು ಎಂದು ಓದುತ್ತಾರೆ.

ಮೊದಲು ವಿಯೆಟ್ನಾಮಿನ ಹನೋಯ್ ನಗರಕ್ಕೆ ಹೋಗೋಣ. ಅಲ್ಲಿ ಡಾಂಗ್ ನುಯೆನ್ ಎಂಬ ಯುವಕ ತಂದೆತಾಯಿಯರೊಂದಿಗೆ ಇದ್ದ. ಟ್ಯಾಕ್ಸಿಗಳು ಎಲ್ಲಿವೆ ಎಂದು ತೋರಿಸುವ ಸಾಧನಗಳಿಗೆ ಪ್ರೋಗ್ರಾಂ ಬರೆಯುವುದು ಅವನ ಉದ್ಯೋಗ. ಬಿಡುವಿನಲ್ಲಿ ಒಂದು ಪುಟ್ಟ ಆಟ ಮಾಡಿ 2013ರ ಮೇ ತಿಂಗಳಲ್ಲಿ ಬಿಟ್ಟ. ಹೆಸರು ಫ್ಲಾಪಿ ಬರ್ಡ್. ಬೆರಳಿನಿಂದ ತಟ್ಟಿದರೆ ಒಂದು ಹಕ್ಕಿ ರೆಕ್ಕೆ ಬಡಿದು ಮೇಲೇರುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಹಸಿರು ಕೊಳವೆಗಳ ನಡುವೆ ಅದನ್ನು ದಾಟಿಸಬೇಕು. ಅಷ್ಟೇ. ತಿಂಗಳುಗಟ್ಟಲೆ ಯಾರೂ ಅದನ್ನು ಕೇಳಲಿಲ್ಲ. 2014ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಜಗತ್ತೆಲ್ಲ ಅದನ್ನೇ ಆಡತೊಡಗಿತು. ಜಾಹೀರಾತಿನಿಂದಲೇ ದಿನಕ್ಕೆ ಐವತ್ತು ಸಾವಿರ ಡಾಲರ್ ಬರುತ್ತಿದೆ ಎಂದು ಪತ್ರಿಕೆಗಳು ಬರೆದವು.

ಹುಡುಗ ಗೆದ್ದ, ಕಥೆ ಮುಗಿಯಿತು ಎಂದುಕೊಂಡಿರಾ? ಶುರುವಾದದ್ದೇ ಆಗ. ಕೊಳವೆಗಳು ಹಳೆಯ ಮಾರಿಯೋ ಆಟದ ಕೊಳವೆಗಳಂತಿವೆ, ಕದ್ದಿದ್ದಾನೆ ಎಂದರು ಕೆಲವರು. ಇಷ್ಟು ಬೇಗ ಮೇಲೆ ಬಂದದ್ದರಲ್ಲಿ ಮೋಸವಿದೆ ಎಂದರು ಕೆಲವರು. ಮತ್ತೆ ಕೆಲವರು ತಮ್ಮ ಮನೆಯ ಸಂಕಟಗಳನ್ನು ಅವನ ಮೇಲೆ ಸುರಿದರು. ನಿನ್ನ ಆಟದಿಂದ ನಮ್ಮ ಶಾಲೆಯ ಮಕ್ಕಳು ಫೋನು ಒಡೆದುಕೊಂಡರು, ಒಬ್ಬ ತಾಯಿ ಮಕ್ಕಳೊಂದಿಗೆ ಮಾತು ಬಿಟ್ಟಳು, ಹೀಗೆ. ಮೊದಮೊದಲು ಇವೆಲ್ಲ ತಮಾಷೆ ಎಂದುಕೊಂಡಿದ್ದೆ, ಆಮೇಲೆ ಜನರಿಗೆ ನಿಜವಾಗಿಯೂ ನೋವಾಗಿದೆ ಎಂದು ಗೊತ್ತಾಯಿತು ಎಂದು ಅವನು ನಂತರ ಒಂದು ಪತ್ರಿಕೆಗೆ ಹೇಳಿದ. ಶಾಲೆಯಲ್ಲಿದ್ದಾಗ ಅವನೇ ಕಂಪ್ಯೂಟರ್ ಆಟದ ಹುಚ್ಚಿನಲ್ಲಿ ಪರೀಕ್ಷೆ ಕೆಡಿಸಿಕೊಂಡವನು. ಆದ್ದರಿಂದ ಆ ಮಾತುಗಳು ಅವನಿಗೆ ಇನ್ನೂ ಆಳವಾಗಿ ನಾಟಿದವು. 2014ರ ಫೆಬ್ರವರಿ 8ರಂದು, ಇನ್ನು ತಡೆದುಕೊಳ್ಳಲಾರೆ, 22 ಗಂಟೆಗಳಲ್ಲಿ ಆಟವನ್ನು ತೆಗೆದುಬಿಡುತ್ತೇನೆ ಎಂದು ಪ್ರಕಟಿಸಿದ. ಹೇಳಿದಂತೆ ತೆಗೆದೇಬಿಟ್ಟ.

ತೆಗೆದ ಮೇಲಾದರೂ ನೆಮ್ಮದಿ ಸಿಕ್ಕಿತೇ? ಇಲ್ಲ. ಏಕೆ ಮಾಡಿದೆ ಎಂದು ಬೈದ ಅಂತರ್ಜಾಲ ಈಗ ಏಕೆ ತೆಗೆದೆ ಎಂದು ಬೆದರಿಸಿತು.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. "ಅದು ಪುಕ್ಕಟೆ ಆಟ. ದುಡ್ಡು ಕೊಟ್ಟು ಕೊಂಡ ಆಟ ಕೆಟ್ಟದಾಗಿದ್ದರೆ ಕೇಳಬಾರದೇ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿಗೆ ಹೋಗಬೇಕು.

ಲಂಡನ್ನಿಗೆ ಹತ್ತಿರದ ಗಿಲ್ಡ್‌ಫರ್ಡ್ ಎಂಬ ಊರಿನಲ್ಲಿ ಹಲೋ ಗೇಮ್ಸ್ ಎಂಬ ಸಣ್ಣ ಸಂಸ್ಥೆಯಿದೆ. ಷಾನ್ ಮರ್ರೆ ಮತ್ತು ಮೂವರು ಗೆಳೆಯರು ಸೇರಿ 2008ರಲ್ಲಿ ಶುರು ಮಾಡಿದ್ದು. 2013ರ ಡಿಸೆಂಬರಿನಲ್ಲಿ ಅವರು ನೋ ಮ್ಯಾನ್ಸ್ ಸ್ಕೈ ಎಂಬ ಆಟದ ತುಣುಕು ತೋರಿಸಿದರು. ಅದರ ಕಲ್ಪನೆಯೇ ದೊಡ್ಡದು. ಗಣಿತದ ಸೂತ್ರದಿಂದ ಒಂದು ಬ್ರಹ್ಮಾಂಡವನ್ನೇ ಹುಟ್ಟಿಸುವುದು, ಆಡುವವರು ನೌಕೆ ಹತ್ತಿ ಒಂದು ಗ್ರಹದಿಂದ ಇನ್ನೊಂದಕ್ಕೆ ಹಾರುವುದು. ಗ್ರಹಗಳ ಸಂಖ್ಯೆ ಎಷ್ಟು ಗೊತ್ತೇ? ಎರಡನ್ನು ಅರವತ್ತನಾಲ್ಕು ಸಲ ಗುಣಿಸಿದರೆ ಎಷ್ಟಾಗುತ್ತದೋ ಅಷ್ಟು. ಅಂಕಿಯಲ್ಲಿ ಬರೆದರೆ ಇಪ್ಪತ್ತು ಸ್ಥಾನ. ಆ ತುಣುಕು ತೋರಿಸಿದ ಕೆಲವೇ ವಾರಗಳಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ, ಪ್ರವಾಹದ ನೀರು ಅವರ ಕಚೇರಿಗೆ ನುಗ್ಗಿ ಕಂಪ್ಯೂಟರುಗಳೆಲ್ಲ ಮುಳುಗಿದವು. ಆದರೂ ಮತ್ತೆ ಕೂತು ಕಟ್ಟಿದರು. ಮುಂದಿನ ವರ್ಷ ಸೋನಿ ಕಂಪನಿ ಈ ಆಟವನ್ನು ತನ್ನ ದೊಡ್ಡ ವೇದಿಕೆಯ ಮೇಲೆ ತಂದು ನಿಲ್ಲಿಸಿತು. ಅಲ್ಲಿಂದ ಜನರ ಆಸೆಗೆ ಮಿತಿಯಿಲ್ಲದಾಯಿತು.

ಷಾನ್ ಮರ್ರೆ ಸಂದರ್ಶನಗಳಲ್ಲಿ ಉತ್ಸಾಹದಿಂದ ಮಾತಾಡಿದರು. ಕೇಳಿದ್ದಕ್ಕೆಲ್ಲ ಹೌದು ಎಂಬಂತಿತ್ತು ಅವರ ಉತ್ತರ. ಇದು ಅವರ ತಪ್ಪು, ಮುಚ್ಚಿಡಬೇಕಾದ್ದಿಲ್ಲ.

2016ರ ಜೂನಿನಲ್ಲಿ ಬರಬೇಕಾಗಿದ್ದ ಆಟ ಆಗಸ್ಟಿಗೆ ಮುಂದೆ ಹೋಯಿತು. ಎರಡು ತಿಂಗಳೂ ಪೂರ್ತಿ ಅಲ್ಲ. ಅಷ್ಟಕ್ಕೇ ಮರ್ರೆಗೆ ಕೊಲೆ ಬೆದರಿಕೆಗಳು ಬಂದವು. ತಡವಾಗುತ್ತದಂತೆ ಎಂದು ಮೊದಲು ಸುದ್ದಿ ಬರೆದ ಪತ್ರಕರ್ತನಿಗೂ ಬಂದವು. ಸುದ್ದಿ ನಿಜವಾಗಿತ್ತು ಎಂಬುದನ್ನು ಗಮನಿಸಿ. ನಿಜ ಬರೆದವನಿಗೂ ಬೆದರಿಕೆ, ಇನ್ನಷ್ಟು ಚೆನ್ನಾಗಿ ಮಾಡಲು ಸಮಯ ಕೇಳಿದವನಿಗೂ ಬೆದರಿಕೆ.

ಆಗಸ್ಟಿನಲ್ಲಿ ಆಟ ಬಂತು. ಮೊದಲ ದಿನ ಕಂಪ್ಯೂಟರಿನಲ್ಲಿಯೇ ಎರಡು ಲಕ್ಷಕ್ಕೂ ಹೆಚ್ಚು ಜನ ಏಕಕಾಲಕ್ಕೆ ಆಡಿದರು. ಬೆಲೆ ಅರವತ್ತು ಡಾಲರ್, ದೊಡ್ಡ ಕಂಪನಿಗಳ ಆಟದಷ್ಟೇ. ಆದರೆ ಒಳಗೆ ಹೋದವರಿಗೆ ಹೇಳಿದ್ದೆಲ್ಲ ಸಿಗಲಿಲ್ಲ. ಬಿಡುಗಡೆಯಾದ ಕೂಡಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರು, ಒಬ್ಬರಿಗೊಬ್ಬರು ಕಾಣಿಸಲಿಲ್ಲ! ಮೋಸ ಹೋದೆವು ಎಂದು ಜನ ಸಿಟ್ಟಾದರು. ಹಣ ವಾಪಸು ಕೇಳಿದರು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಗೂ ದೂರು ಹೋಯಿತು. ಅದು ಪರಿಶೀಲಿಸಿ, ಮಾರಾಟದ ಪುಟದಲ್ಲಿ ತೋರಿಸಿದ್ದು ದಾರಿ ತಪ್ಪಿಸುವಂಥದ್ದಲ್ಲ ಎಂದು 2016ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು.

ಇಲ್ಲಿಯವರೆಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಸಿಟ್ಟು ನ್ಯಾಯವಾದದ್ದು. ಹಣ ವಾಪಸು ಕೇಳುವುದು ಹಕ್ಕು, ದೂರು ಕೊಡುವುದು ಹಕ್ಕು, ಇಂಥಿಂಥದ್ದು ಇಲ್ಲ ಎಂದು ಪಟ್ಟಿ ಮಾಡಿ ಬರೆಯುವುದು ಉಳಿದ ಗಿರಾಕಿಗಳಿಗೆ ಮಾಡುವ ಉಪಕಾರ. ಆದರೆ ಸಿಟ್ಟು ಅಲ್ಲಿ ನಿಲ್ಲಲಿಲ್ಲ. ಕೊಲೆ ಬೆದರಿಕೆ, ಬಾಂಬ್ ಬೆದರಿಕೆ ಬಂದು ಆ ಪುಟ್ಟ ತಂಡ ಲಂಡನ್ ಪೊಲೀಸರೊಂದಿಗೆ ಸಂಪರ್ಕದಲ್ಲಿ ಇರಬೇಕಾಯಿತು. ಒಂದು ಬೆದರಿಕೆಯ ವಿಷಯವನ್ನು ಮರ್ರೆ 2018ರಲ್ಲಿ ನೆನಪಿಸಿಕೊಂಡರು. ಮೊದಲು ತೋರಿಸಿದ ತುಣುಕಿನಲ್ಲಿ ಚಿಟ್ಟೆಗಳಿದ್ದವಂತೆ. ಬಿಡುಗಡೆಯಾದ ಆಟದಲ್ಲಿ ಚಿಟ್ಟೆಗಳಿರಲಿಲ್ಲವಂತೆ. ಅದಕ್ಕೆ ಕೊಲೆ ಬೆದರಿಕೆ!

ಚಿಟ್ಟೆ ಇಲ್ಲದ್ದು ಕೊರತೆಯೇ ಇರಬಹುದು. "ಚಿಟ್ಟೆ ಎಲ್ಲಿ ಸ್ವಾಮಿ?" ಎಂದು ಕೇಳಬಹುದು. ಚಿಟ್ಟೆ ಕಾಣದ್ದಕ್ಕೆ ಮನುಷ್ಯನ ಪ್ರಾಣ ತೆಗೆಯುತ್ತೇನೆ ಎನ್ನುವ ಮಾತು ಎಲ್ಲಿಂದ ಹುಟ್ಟುತ್ತದೆ? ಬರೆದವನು ಬಹುಶಃ ಕೊಲೆಗಾರನಲ್ಲ. ಯಾರದೋ ಮನೆಯ ಮಗ, ಬರೆದು ಮುಗಿಸಿ ಊಟಕ್ಕೆ ಎದ್ದು ಹೋಗಿರುತ್ತಾನೆ. ಅವನಿಗೆ ಅದು ಒಂದು ಸಾಲು. ಓದುವವನಿಗೆ ಅದು ಎಷ್ಟನೆಯದೋ ಸಾಲು. ಇದರಲ್ಲಿ ಯಾವುದು ಬಾಯಿಮಾತು, ಯಾವುದು ನಿಜ ಎಂದು ತಿಳಿಯುವ ದಾರಿ ಅವನಿಗಿಲ್ಲ.

ಹಲೋ ಗೇಮ್ಸ್ ಏನು ಮಾಡಿತು? ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತು. 2016ರ ನವೆಂಬರಿನಲ್ಲಿ ಮೊದಲ ದೊಡ್ಡ ತಿದ್ದುಪಡಿ ಬಂತು. ಆಮೇಲೆ ಒಂದರ ಹಿಂದೆ ಒಂದು, ಎಲ್ಲವೂ ಪುಕ್ಕಟೆ. 2018ರ ಜುಲೈನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಸರಿಯಾಗಿ ನೋಡುವಂತಾಯಿತು, ಜೊತೆಗೂಡಿ ಆಡುವಂತಾಯಿತು. 2019ರಲ್ಲಿ ಅಭಿಮಾನಿಗಳು ತಾವೇ ಚಂದಾ ಎತ್ತಿ ಗಿಲ್ಡ್‌ಫರ್ಡಿನ ಆ ಕಚೇರಿಯ ಹತ್ತಿರ ಧನ್ಯವಾದ ಹೇಳುವ ಒಂದು ದೊಡ್ಡ ಫಲಕ ಹಾಕಿಸಿದರು. 2016ರಲ್ಲಿ ಸ್ಟೀಮ್ ಎಂಬ ಆಟದ ಅಂಗಡಿಯಲ್ಲಿ ಅತ್ಯಂತ ಕೆಟ್ಟ ಅಭಿಪ್ರಾಯ ಪಡೆದಿದ್ದ ಆಟ, 2024ರ ಹೊತ್ತಿಗೆ ಅದೇ ಅಂಗಡಿಯಲ್ಲಿ ತುಂಬಾ ಒಳ್ಳೆಯದು ಎಂಬ ಪಟ್ಟಿ ಪಡೆಯಿತು. ಹೀಗೆ ಸುಧಾರಿಸಿದ್ದು ಬೆದರಿಕೆಯಿಂದ ಅಲ್ಲ. ಏನು ಕೊರತೆ ಎಂದು ಬಿಡಿಸಿ ಹೇಳಿದವರಿಂದ, ಮತ್ತು ಅದನ್ನು ಕೇಳಿಸಿಕೊಂಡು ಕೆಲಸ ಮಾಡಿದವರಿಂದ. ಬೆದರಿಸಿದವರಿಂದ ಆ ತಂಡ ಕಲಿತದ್ದು ಒಂದೇ: ಜನರೊಂದಿಗೆ ಮಾತು ಕಡಿಮೆ ಮಾಡುವುದು.

ಎಲ್ಲರಿಗೂ ಹೀಗೆ ಎದ್ದು ನಿಲ್ಲುವ ಶಕ್ತಿ ಇರುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನ ಫಿಲ್ ಫಿಷ್ 2012ರಲ್ಲಿ ಫೆಜ್ ಎಂಬ ಆಟ ಮಾಡಿ ಹೆಸರು ಗಳಿಸಿದವರು. ಅವರ ನಾಲಿಗೆಯೂ ಹರಿತವೇ, ಕೆಣಕಿದವರನ್ನು ಬಿಡುತ್ತಿರಲಿಲ್ಲ. 2013ರ ಜುಲೈನಲ್ಲಿ ಒಂದು ಜಗಳ ಹೆಚ್ಚಾಗಿ, ಎರಡನೆಯ ಫೆಜ್ ಆಟವನ್ನೇ ರದ್ದು ಮಾಡಿ ಹೊರಟುಹೋದರು. ಅದಕ್ಕಾಗಿ ಕಾದಿದ್ದ ಸಾವಿರಾರು ಜನರಿಗೆ ಆ ಆಟ ಸಿಗಲೇ ಇಲ್ಲ.

ಹೆಂಗಸರಾದರೆ ಪಾಡು ಇನ್ನೂ ಕಷ್ಟ. 2014ರಲ್ಲಿ ಅಮೆರಿಕದಲ್ಲಿ ಗೇಮರ್‌ಗೇಟ್ ಎಂಬ ಹೆಸರಿನಲ್ಲಿ ಒಂದು ಗಲಾಟೆಯೆದ್ದಿತು. ಆಟದ ಪತ್ರಿಕೋದ್ಯಮದ ನೀತಿಯನ್ನು ಕೇಳುತ್ತಿದ್ದೇವೆ ಎಂದರು. ಆದರೆ ಏಟು ಬಿದ್ದದ್ದು ಹೆಚ್ಚಾಗಿ ಆಟ ಕಟ್ಟುವ, ಆಟದ ಬಗ್ಗೆ ಬರೆಯುವ ಹೆಂಗಸರಿಗೆ. ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಬ್ರಿಯಾನಾ ವೂ ಅವರ ಮನೆಯ ವಿಳಾಸವನ್ನೇ ಅಂತರ್ಜಾಲದಲ್ಲಿ ಹಾಕಿ, ಕೊಲ್ಲುತ್ತೇವೆ ಎಂದು ಬರೆದರು. ಆ ವರ್ಷದ ಅಕ್ಟೋಬರಿನಲ್ಲಿ ಅವರು ಗಂಡನೊಂದಿಗೆ ಮನೆ ಬಿಟ್ಟು ಹೋಗಬೇಕಾಯಿತು. ಇಲ್ಲಿ ಆಟ ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇರಲಿಲ್ಲ.

ಈಗ ಸ್ಟೀಮ್ ಅಂಗಡಿಯ ಲೆಕ್ಕ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಸಣ್ಣವರ ಹೊಟ್ಟೆಪಾಡು ಅದರ ಮೇಲಿದೆ. ಅಲ್ಲಿ ಆಟ ಕೊಂಡವರು ಶಿಫಾರಸು ಮಾಡುತ್ತೇನೆ ಅಥವಾ ಮಾಡುವುದಿಲ್ಲ ಎಂದು ಹೆಬ್ಬೆರಳು ಎತ್ತಬೇಕು ಇಲ್ಲವೇ ಇಳಿಸಬೇಕು. ಹತ್ತು ಅಭಿಪ್ರಾಯ ಬಂದ ಮೇಲೆ ಒಟ್ಟಾರೆ ಒಳ್ಳೆಯದು, ಕೆಟ್ಟದು ಎಂಬ ಪಟ್ಟಿ ಬೀಳುತ್ತದೆ. ಲಕ್ಷ ಜನ ಆಡುವ ಆಟದಲ್ಲಿ ನಿಮ್ಮ ಹೆಬ್ಬೆರಳು ಸಮುದ್ರದಲ್ಲಿ ಹನಿ. ಹತ್ತೇ ಅಭಿಪ್ರಾಯ ಬಂದ ಆಟದಲ್ಲಿ ಅದು ಹತ್ತರಲ್ಲಿ ಒಂದು ಪಾಲು.

ಇದನ್ನು ಆಯುಧ ಮಾಡಿಕೊಂಡವರೂ ಇದ್ದಾರೆ. 2017ರ ಸೆಪ್ಟೆಂಬರಿನಲ್ಲಿ ಬಹಳ ಜನಪ್ರಿಯನಾದ ವಿಡಿಯೋಗಾರನೊಬ್ಬ ನೇರಪ್ರಸಾರದಲ್ಲಿ ಜನಾಂಗ ನಿಂದನೆಯ ಪದ ಬಳಸಿದ. ಫೈರ್‌ವಾಚ್ ಎಂಬ ಆಟ ಮಾಡಿದ ಸಣ್ಣ ತಂಡ, ನಮ್ಮ ಆಟದ ನಿನ್ನ ವಿಡಿಯೋ ತೆಗೆದುಬಿಡು ಎಂದಿತು. ಅವನ ಅಭಿಮಾನಿಗಳು ಸಾಲಾಗಿ ಬಂದು ಫೈರ್‌ವಾಚ್‌ಗೆ ಕೆಟ್ಟ ಅಭಿಪ್ರಾಯ ಬರೆದು ಹೋದರು. ಆಟದ ಗುಣ ನಿನ್ನೆಯಿಂದ ಇವತ್ತಿಗೆ ಒಂದಿಷ್ಟೂ ಬದಲಾಗಿರಲಿಲ್ಲ. ಇದಕ್ಕೆ ರಿವ್ಯೂ ಬಾಂಬಿಂಗ್ ಎಂದೇ ಹೆಸರು. ಅದೇ ತಿಂಗಳು ಸ್ಟೀಮ್, ಯಾವ ದಿನ ಎಷ್ಟು ಅಭಿಪ್ರಾಯ ಬಂತು ಎಂಬ ರೇಖಾಚಿತ್ರ ತೋರಿಸತೊಡಗಿತು. 2019ರಲ್ಲಿ, ಆಟಕ್ಕೆ ಸಂಬಂಧಪಡದ ಇಂಥ ದಾಳಿಗಳನ್ನು ಅಂಕದ ಲೆಕ್ಕದಿಂದ ಬಿಡುವುದಾಗಿಯೂ ಹೇಳಿತು.

ಇದೆಲ್ಲ ಕೇಳಿ ಆಟವಾಡುವವರೆಲ್ಲ ಹೀಗೇ ಎಂದು ದಯವಿಟ್ಟು ತಿಳಿಯಬೇಡಿ. ಅದು ಇನ್ನೊಂದು ಅನ್ಯಾಯವಾದೀತು. ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಡ್ವಾರ್ಫ್ ಫೋರ್ಟ್ರೆಸ್ ಎಂಬ ಆಟವನ್ನು 2006ರಿಂದ ಪುಕ್ಕಟೆ ಕೊಟ್ಟರು. ಚಿತ್ರವೇ ಇಲ್ಲ, ಪರದೆಯ ತುಂಬ ಅಕ್ಷರ, ಚಿಹ್ನೆಗಳು. ಕಲಿಯುವುದೂ ಕಷ್ಟ. ಆದರೂ ಆಟಗಾರರು ತಿಂಗಳು ತಿಂಗಳು ತಮ್ಮ ಕೈಲಾದಷ್ಟು ಹಣ ಕಳಿಸಿ ಆ ಇಬ್ಬರನ್ನು ವರ್ಷಗಟ್ಟಲೆ ಸಾಕಿದರು. ಹಣ ಕೊಟ್ಟವರಿಗೆ ಅಣ್ಣತಮ್ಮಂದಿರು ಬಣ್ಣದ ಕಡ್ಡಿಯಲ್ಲಿ ಬರೆದ ಚಿತ್ರವನ್ನೋ ಪುಟ್ಟ ಕಥೆಯನ್ನೋ ಕಳಿಸುತ್ತಿದ್ದರು. ಮುಂದೆ ಝಾಕ್‌ಗೆ ಕ್ಯಾನ್ಸರ್ ಕಾಣಿಸಿಕೊಂಡಿತು. ಚಿಕಿತ್ಸೆಯ ಖರ್ಚು ನೋಡಿ ಇಬ್ಬರಿಗೂ ಭವಿಷ್ಯದ ಚಿಂತೆ ಹತ್ತಿತು. ಚಿತ್ರಗಳನ್ನು ಸೇರಿಸಿ 2022ರ ಡಿಸೆಂಬರಿನಲ್ಲಿ ಮೊದಲ ಸಲ ಆಟವನ್ನು ಮಾರಾಟಕ್ಕಿಟ್ಟರು. ಹಳೆಯ ಪುಕ್ಕಟೆ ಆವೃತ್ತಿಯೂ ಹಾಗೆಯೇ ಇತ್ತು. ಆದರೂ ಒಂದೇ ತಿಂಗಳಲ್ಲಿ ಹತ್ತಿರ ಹತ್ತಿರ ಐದು ಲಕ್ಷ ಪ್ರತಿ ಮಾರಾಟವಾಯಿತು. ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ಕೊಂಡವರು ಇವರು. ಹದಿನಾರು ವರ್ಷದ ಋಣ ತೀರಿಸಿದರು ಎನ್ನಬೇಕು.

ಪುಣೆಯಲ್ಲಿರುವ ನಮ್ಮ ಕೇಳುಗರಿಗೆ ಇದೇನೂ ದೂರದ ಮಾತಲ್ಲ. ನಿಮ್ಮ ಊರಿನ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಟ್ಟ ತಂಡ, ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ರಾಜಿ ಎಂಬ ಹುಡುಗಿಯ ಆಟ ಕಟ್ಟಿತು. 2017ರಲ್ಲಿ ಜನರಿಂದ ಹಣ ಕೂಡಿಸಲು ನೋಡಿದರು, ಗುರಿ ಮುಟ್ಟಲಿಲ್ಲ. ಸಂಸ್ಥಾಪಕರಲ್ಲೊಬ್ಬರು ತಮ್ಮ ಫ್ಲ್ಯಾಟನ್ನೇ ಮಾರಿ ಕೆಲಸ ಮುಂದುವರಿಸಿದರು. 2020ರಲ್ಲಿ ಆಟ ಹೊರಬಂದು, ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ಪಟ್ಟಿಗೆ ನಾಮಕರಣ ಪಡೆಯಿತು. ಆಟ ಚಿಕ್ಕದಾಯಿತು, ಕಥೆ ಅರ್ಧಕ್ಕೆ ನಿಂತಂತಾಯಿತು ಎಂದು ವಿಮರ್ಶಕರು ಬರೆದರು. ಬರೆಯಲೇಬೇಕಾದ್ದು ಅದು. ಫ್ಲ್ಯಾಟು ಮಾರಿದರೆಂದು ಯಾರೂ ಸುಳ್ಳು ಹೊಗಳಬೇಕಿಲ್ಲ. ಆದರೆ ಬರೆಯುವ ಸಾಲಿನ ಆಚೆ ತುದಿಯಲ್ಲಿ ಮನೆ ಮಾರಿದವರೊಬ್ಬರು ಕೂತಿರಬಹುದು ಎಂಬುದು ನೆನಪಿದ್ದರೆ ಸಾಕು.

ಕೊನೆಗೆ ನಮ್ಮ ಮನೆಯದೇ ಒಂದು ಸಂಗತಿ. ನನ್ನ ಅಕ್ಕನ ಮಗನಿಗೆ ಹದಿಮೂರು ವರ್ಷ. ಅವನ ಫೋನಿನಲ್ಲಿ ಒಂದು ಆಟ ಪದೇ ಪದೇ ನಿಂತುಹೋಗುತ್ತಿತ್ತು. ಒಂದು ನಕ್ಷತ್ರ ಕೊಟ್ಟು, ಆಟ ಮಾಡಿದವರಿಗೆ ಬುದ್ಧಿಯಿಲ್ಲ ಎಂದು ಬರೆದ. ಮರುದಿನ ಅಲ್ಲೇ ಕೆಳಗೆ ಉತ್ತರ ಬಂದಿತ್ತು: ತೊಂದರೆಗೆ ಕ್ಷಮಿಸಿ, ನಾನೊಬ್ಬನೇ ಈ ಆಟ ನೋಡಿಕೊಳ್ಳುವುದು, ನಿಮ್ಮ ಫೋನು ಯಾವುದು ಹೇಳುತ್ತೀರಾ? ಹುಡುಗ ಅದನ್ನು ನನಗೆ ತಂದು ತೋರಿಸಿದ. "ಮಾಮ, ಇವರು ನಿಜವಾಗಿಯೂ ಓದ್ತಾರೆ" ಎಂದ. ಅವನ ಮುಖದಲ್ಲಿ ನಾಚಿಕೆಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಬರೆದದ್ದನ್ನು ಒಬ್ಬ ಮನುಷ್ಯ ಓದುತ್ತಾನೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅವನು ಹಳೆಯ ಸಾಲನ್ನು ಅಳಿಸಿ, ಫೋನಿನ ಹೆಸರು ಬರೆದ, ಯಾವ ಹಂತದಲ್ಲಿ ಆಟ ನಿಲ್ಲುತ್ತದೆ ಎಂದು ಬರೆದ. ನಕ್ಷತ್ರ ಒಂದೇ ಉಳಿಸಿದ. ಆಟ ಇನ್ನೂ ನಿಲ್ಲುತ್ತಿದೆಯಲ್ಲ! ನನಗೆ ಅದು ಸರಿ ಎನಿಸಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದರು. ಅಂತರ್ಜಾಲದಲ್ಲಿ ಆಡಿದ ಮಾತು ಹೋಗುವುದೂ ಇಲ್ಲ, ಅಲ್ಲೇ ಕೂತಿರುತ್ತದೆ. ನಿಮ್ಮ ಮನೆಯಲ್ಲೂ ಆಟವಾಡುವ ಮಕ್ಕಳಿರಬಹುದು. ಎಷ್ಟು ಹೊತ್ತು ಆಡಿದೆ ಎಂದು ನಾವೆಲ್ಲ ಕೇಳುತ್ತೇವೆ. ಇವತ್ತು ಒಮ್ಮೆ, ಆಟದ ಬಗ್ಗೆ ಏನು ಬರೆದೆ ಎಂದೂ ಕೇಳಿ ನೋಡಿ.

ಅಂದ ಹಾಗೆ, ಈ ಭಾಷಣದಲ್ಲಿ ತಪ್ಪು ಕಂಡರೆ ಖಂಡಿತ ಬರೆಯಿರಿ. ಯಾವ ಮಾತು ತಪ್ಪು ಎಂದು ಗುರುತಿಸಿ ಬರೆಯಿರಿ. ಮುಂದಿನ ವಾರ ತಿದ್ದಿ ಹೇಳುತ್ತೇನೆ.